ಮುದ್ರೆಯ ಹಿಂದಿನ ತಕ್ಕಡಿ

ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯ ಘಾಟಿನಲ್ಲಿ ಸೀನುತ್ತ ನಿಂತ ರೈತನ ಕಣ್ಣು ಎಲೆಕ್ಟ್ರಾನಿಕ್ ತಕ್ಕಡಿಯ ಅಂಕಿಗಳ ಮೇಲೆ. ಆ ಅಂಕಿ ಹುಟ್ಟುವ ಬಗೆಯನ್ನು ಹಿಮ್ಮುಖವಾಗಿ ಬೆನ್ನಟ್ಟುವ ಕಸುಬು ನನಗೆ ಬಲು ಇಷ್ಟ. ತಟ್ಟೆಯಡಿ ಲೋಡ್‌ಸೆಲ್ ಇರುತ್ತದೆ; ಚೀಲ ಕೂತಾಗ ಅದರ ಲೋಹದ ತುಂಡು ಕಣ್ಣಿಗೆ ಕಾಣದಷ್ಟು ಬಾಗುತ್ತದೆ, ಅದಕ್ಕಂಟಿದ ತೆಳು ಪಟ್ಟಿಯ ವಿದ್ಯುತ್ ರೋಧ ಬದಲಾಗುತ್ತದೆ. ಕೆಲವೇ ಮಿಲಿವೋಲ್ಟ್‌ಗಳ ಆ ಪಿಸುಮಾತನ್ನು ಒಂದು ಚಿಪ್ ಅಂಕಿಯಾಗಿಸಿದರೆ, ಇನ್ನೊಂದು ಕಿಲೋ ಲೆಕ್ಕಕ್ಕೆ ತರುತ್ತದೆ. ಮೋಸಗಾರ ಕೈಹಾಕುವುದೂ ಈ ದಾರಿಯಲ್ಲೇ. ಅದಕ್ಕೇ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ.

ಈ ಹಿಮ್ಮುಖ ಕಸುಬಿನವನೇ ರಿವರ್ಸ್ ಎಂಜಿನಿಯರ್, ನಕ್ಷೆಯಿಲ್ಲದೆ ಹೊರಡುವವನು. ಮಲ್ಟಿಮೀಟರಿನಿಂದ ಗ್ರೌಂಡ್ ಹುಡುಕುತ್ತಾನೆ. ಬೋರ್ಡಿನ ಅಂಚಿನಲ್ಲಿ ಹೆಸರಿಲ್ಲದ ನಾಲ್ಕು ತೂತು ಕಂಡರೆ ಹಿಗ್ಗುತ್ತಾನೆ: ತಯಾರಕರು ಪರೀಕ್ಷೆಗೆಂದು ಬಿಟ್ಟ ಯುಎಆರ್‌ಟಿ ಎಂಬ ಸಂವಹನ ಕಿಂಡಿ ಇರಬಹುದು! ಆಮೇಲೆ ಫ್ಲ್ಯಾಶ್ ಚಿಪ್ಪಿನೊಳಗಿನದನ್ನು ಹೊರತೆಗೆದು, ಅಸೆಂಬ್ಲಿಯ ಸಾಲು ಸಾಲು ಓದುವ ರಾತ್ರಿಗಳು. ಬೇಸರದ ಕೆಲಸವೇ, ಸುಳ್ಳೇಕೆ.

ರಾಣೆಬೆನ್ನೂರಿನ ಮೊಬೈಲ್ ರಿಪೇರಿ ಅಂಗಡಿಯ ಹುಡುಗನಿಗೆ ಈ ವಿದ್ಯೆ ಅರ್ಧ ಬಂದಂತೆಯೇ. ಬೆಸುಗೆಯ ಕೈಹದ ಪುಸ್ತಕದಿಂದ ಬರುವುದಿಲ್ಲ. ಉಳಿದರ್ಧಕ್ಕೆ ಹಾವೇರಿಯ ದೇವಗಿರಿಯಲ್ಲೇ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ. ಕಾರ್ಡ್ ಉಜ್ಜುವ ಯಂತ್ರ, ವಿದ್ಯುತ್ ಮೀಟರ್, ಕಾರಿನ ಕಂಪ್ಯೂಟರ್ ಎಲ್ಲಕ್ಕೂ ಕಳ್ಳನಿಗಿಂತ ಮೊದಲೇ ಬಿಚ್ಚಿ ನೋಡುವವರು ಬೇಕು. ಕಲಿಯಲು ಮುದ್ರೆಯೊತ್ತಿದ ತಕ್ಕಡಿ ಮುಟ್ಟಬೇಡಿ, ಗುಜರಿಯಲ್ಲೊಂದು ಸಿಕ್ಕೀತು.