ಪಿಎಚ್‌ಪಿ: ಸಂಕಲ್ಪವಿಲ್ಲದೆ ಹುಟ್ಟಿದ ಭಾಷೆ

ತಮ್ಮ ವಿದ್ಯಾಭ್ಯಾಸ, ಉದ್ಯೋಗಗಳ ವಿವರವಿದ್ದ ಜಾಲಪುಟವನ್ನು ಯಾರು ಯಾರು ನೋಡಿಹೋದರೆಂದು ತಿಳಿಯುವ ಕುತೂಹಲದಿಂದ, ಗ್ರೀನ್‌ಲೆಂಡಿನಲ್ಲಿ ಜನಿಸಿ ಕೆನಡಾದಲ್ಲಿ ವ್ಯಾಸಂಗ ಮಾಡಿದ ರಾಸ್ಮಸ್ ಲೆರ್ಡಾರ್ಫ್ ಅವರು 1994ರಲ್ಲಿ ಸಿ ಭಾಷೆಯಲ್ಲಿ ಬರೆದುಕೊಂಡ ಕೆಲವು ಕಿರುಸಾಧನಗಳೇ, ಮರುವರ್ಷದ ಜೂನ್ ತಿಂಗಳಲ್ಲಿ ಸರ್ವರ ಉಪಯೋಗಕ್ಕೆ ಮುಕ್ತವಾಗಿ, ಕಾಲಕ್ರಮದಲ್ಲಿ ಪಿಎಚ್‌ಪಿ ಎಂಬ ಭಾಷೆಯಾಗಿ ಬೆಳೆದವು. ಭಾಷೆಯೊಂದನ್ನು ನಿರ್ಮಿಸುವ ಸಂಕಲ್ಪ ಅವರಿಗೆ ಇರಲಿಲ್ಲ. 1998ರಲ್ಲಿ ಇಸ್ರೇಲಿನ ಝೀವ್ ಸುರಾಸ್ಕಿ ಮತ್ತು ಆಂಡಿ ಗಟ್ಮನ್ಸ್ ಅದರ ಒಡಲನ್ನೇ ಹೊಸದಾಗಿ ಬರೆದು ಮೂರನೆಯ ಆವೃತ್ತಿಯನ್ನು ಹೊರತಂದರೂ ಈ ಹುಟ್ಟಿನ ಗುರುತು ಅಳಿಯಲಿಲ್ಲ; ಪಿಎಚ್‌ಪಿಯ ಗುಣದೋಷಗಳೆರಡೂ ಇದೊಂದೇ ಮೂಲದಿಂದ ಹೊರಟವೆಂಬುದು ನನ್ನ ಅಭಿಪ್ರಾಯ.

ಪಿಎಚ್‌ಪಿ ಬರುವ ಮೊದಲು ಸರ್ವರಿನಲ್ಲಿ ಪುಟವೊಂದನ್ನು ಕೋರಿಕೆ ಬಂದಾಗಲೇ ಸಿದ್ಧಪಡಿಸಬೇಕಾದರೆ, ಸಿ ಅಥವಾ ಪರ್ಲ್ ಭಾಷೆಯ ಕ್ರಮವಿಧಿಯು ಎಚ್‌ಟಿಎಂಎಲ್‌ನ ಒಂದೊಂದು ಸಾಲನ್ನೂ ಉದ್ಧರಣ ಚಿಹ್ನೆಗಳೊಳಗಿಟ್ಟು ಹೊರಡಿಸುತ್ತ ಹೋಗಬೇಕಾಗಿತ್ತು. ಪಿಎಚ್‌ಪಿ ಈ ಸಂಬಂಧವನ್ನು ತಿರುಗುಮುರುಗಾಗಿಸಿತು: ಪುಟವು ಪುಟವಾಗಿಯೇ ಉಳಿದು, ದಿನಾಂಕವೋ ಓದುಗನ ಹೆಸರೋ ಬರಬೇಕಾದ ಎಡೆಯಲ್ಲಿ ಮಾತ್ರ ಒಂದೆರಡು ಸಾಲಿನ ಸೂಚನೆ ಸೇರಿದರೆ ಸಾಕು, ಕಡತವನ್ನು ಸರ್ವರಿಗೆ ಏರಿಸಿದೊಡನೆ ಕೆಲಸ ಮುಗಿಯಿತು. ವರ್ಡ್‌ಪ್ರೆಸ್ ನಿಂತಿರುವುದು ಇದರ ಮೇಲೆ. ಕನ್ನಡ ವಿಕಿಪೀಡಿಯವನ್ನು ನಡೆಸುವ ಮೀಡಿಯಾವಿಕಿ ನಿಂತಿರುವುದೂ ಇದರ ಮೇಲೆಯೇ.

ಆದರೆ ಇದಕ್ಕಿಂತ ಹಿರಿದಾದ ಗುಣವೊಂದುಂಟು, ಟೀಕಾಕಾರರು ಅದನ್ನು ಗಮನಿಸಿದ್ದು ಕಡಮೆ. ಪಂಕ್ತಿಯಲ್ಲಿ ಕುಳಿತ ಪ್ರತಿಯೊಬ್ಬನಿಗೂ ಹೊಸ ಬಾಳೆಯೆಲೆ ಹಾಕಿ ಊಟ ಮುಗಿದೊಡನೆ ಅದನ್ನು ಎತ್ತಿಬಿಡುವಂತೆ, ಬ್ರೌಸರಿನಿಂದ ಬಂದ ಪ್ರತಿಯೊಂದು ಕೋರಿಕೆಗೂ ಪಿಎಚ್‌ಪಿ ತನ್ನ ಚರಗಳನ್ನೆಲ್ಲ ಹೊಸದಾಗಿ ಸೃಷ್ಟಿಸಿಕೊಂಡು, ಪುಟವನ್ನು ಒಪ್ಪಿಸಿದ ಕ್ಷಣದಲ್ಲಿ ಅವೆಲ್ಲವನ್ನೂ ವಿಸರ್ಜಿಸುತ್ತದೆ. ಅನನುಭವಿಯ ಪ್ರಮಾದದಿಂದ ಸ್ಮೃತಿ ಸೋರಿದರೂ, ಚರವೊಂದು ಕೆಟ್ಟರೂ, ಆ ಕೇಡು ಸಾಮಾನ್ಯವಾಗಿ ಆ ಒಂದು ಪುಟದೊಡನೆಯೇ ಕೊನೆಗಾಣುತ್ತದೆಯೇ ಹೊರತು ಮುಂದಿನ ಓದುಗನನ್ನು ಮುಟ್ಟುವುದಿಲ್ಲ. ಇದಕ್ಕೆ ತೆರಬೇಕಾದ ಬೆಲೆಯೂ ಇಲ್ಲದಿಲ್ಲ: ಕಡತಗಳನ್ನು ಪ್ರತಿಸಲವೂ ಓದಿ ಅರ್ಥೈಸಬೇಕಾಗಿದ್ದ ಶ್ರಮವನ್ನು ತಗ್ಗಿಸಲು, 2013ರ 5.5ನೆಯ ಆವೃತ್ತಿಯಲ್ಲಿ ಆಪ್‌ಕ್ಯಾಶ್ ಎಂಬ ಸಂಚಯವನ್ನು ಜೊತೆಗೂಡಿಸಬೇಕಾಯಿತು.

ಇನ್ನು ದೋಷಗಳು. ‘ಸ್ಟ್ರ್‌ಲೆನ್’ ಎಂಬ ಫಂಕ್ಷನ್ನಿನ ಹೆಸರಿನಲ್ಲಿ ಅಡಿಗೆರೆಯಿಲ್ಲ, ‘ಸ್ಟ್ರ್_ರಿಪ್ಲೇಸ್’ ಎಂಬಲ್ಲಿ ಉಂಟು. ಒಂದು ಫಂಕ್ಷನ್ನಿಗೆ ಹುಡುಕಬೇಕಾದುದನ್ನು ಮೊದಲು ಕೊಡಬೇಕು, ಇನ್ನೊಂದಕ್ಕೆ ಹುಡುಕುವ ಸ್ಥಳವನ್ನು. ಇವು ನಗೆಗೆ ವಿಷಯವಾಗಬಹುದು, ಅಷ್ಟೆ. ನಿಜವಾದ ದೋಷವಿರುವುದು ಬರೆಯುವವನ ಮನಸ್ಸಿನಲ್ಲಿ ಏನಿದೆಯೆಂದು ತಾನೇ ಊಹಿಸಿ ಉಪಕಾರಕ್ಕೆ ಧಾವಿಸುವ ಅದರ ಸ್ವಭಾವದಲ್ಲಿ. ‘ರಿಜಿಸ್ಟರ್ ಗ್ಲೋಬಲ್ಸ್’ ಎಂಬ ಏರ್ಪಾಡನ್ನೇ ನೋಡಬಹುದು: ವಿಳಾಸದ ಕೊನೆಯಲ್ಲಿ ಪ್ರಶ್ನಚಿಹ್ನೆಯ ಮುಂದೆ ಬಂದ ಹೆಸರುಗಳೆಲ್ಲ, ಯಾರೂ ಕೇಳದೆ, ಕ್ರಮವಿಧಿಯೊಳಗೆ ಚರಗಳಾಗಿ ಜೀವತಳೆಯುತ್ತಿದ್ದವು. ‘ಅಡ್ಮಿನ್’ ಎಂಬ ಚರಕ್ಕೆ ಆರಂಭದ ಮೌಲ್ಯವನ್ನು ಕೊಡಲು ಲೇಖಕನು ಮರೆತಿದ್ದರೆ, ಹೊರಗಿನವನು ವಿಳಾಸಕ್ಕೆ ‘ಅಡ್ಮಿನ್=1’ ಎಂದು ಸೇರಿಸಿದ ಮಾತ್ರಕ್ಕೆ ಅಧಿಕಾರ ಅವನ ಕೈಸೇರುತ್ತಿತ್ತು. 2002ರ 4.2ನೆಯ ಆವೃತ್ತಿ ಇದನ್ನು ತಾನಾಗಿ ಜಾರಿಯಲ್ಲಿರದಂತೆ ಮಾಡಿತಾದರೂ, ಇದು ಸಂಪೂರ್ಣವಾಗಿ ತೊಲಗಿದ್ದು 2012ರಲ್ಲಿ. ಅಂಕಿಯಿಂದ ಆರಂಭವಾಗದ ಯಾವ ಶಬ್ದವನ್ನಾದರೂ ಸೊನ್ನೆಗೆ ಸಮವೆಂದು ಬಗೆಯುತ್ತಿದ್ದ ವಿಲಕ್ಷಣ ತೀರ್ಪು 2020ರಲ್ಲಿ ಎಂಟನೆಯ ಆವೃತ್ತಿ ಬರುವತನಕ ನಡೆದುಕೊಂಡೇ ಬಂದಿತು. ಕಲಿಯುವವನನ್ನು ತಡೆಯದೆ ಒಳಗೆ ಬಿಟ್ಟ ಔದಾರ್ಯವೇ ಕಳ್ಳನಿಗೂ ಬಾಗಿಲನ್ನು ತೆರೆದಿಟ್ಟಿತೆಂಬುದನ್ನು ಪಿಎಚ್‌ಪಿಯ ಪಕ್ಷಪಾತಿಗಳು ಒಪ್ಪಿಕೊಳ್ಳಲೇಬೇಕು.

ಕನ್ನಡದಲ್ಲಿ ಪುಟ ಕಟ್ಟುವವರಿಗೆ ಬೇರೊಂದು ಆಕ್ಷೇಪವೂ ಉಂಟು. ಲೋಕದ ಲಿಪಿಗಳನ್ನೆಲ್ಲ ಯೂನಿಕೋಡಿನ ಮೂಲಕ ಭಾಷೆಯ ಒಡಲೊಳಗೇ ತರಬೇಕೆಂಬ ಹಂಬಲದಿಂದ ಕೈಗೊಂಡ ಆರನೆಯ ಆವೃತ್ತಿಯು, ಕಾರ್ಯ ಜಟಿಲವಾಗುತ್ತ ಹೋಗಿ 2010ರಲ್ಲಿ ಕೈಬಿಡಲ್ಪಟ್ಟು, ಐದರ ಬಳಿಕ 2015ರಲ್ಲಿ ನೇರವಾಗಿ ಏಳು ಬಂದಿತು. ಆದಕಾರಣ ‘ಕನ್ನಡ’ ಎಂಬ ಪದದ ಉದ್ದವನ್ನು ‘ಸ್ಟ್ರ್‌ಲೆನ್’ ಇಂದಿಗೂ, ಯುಟಿಎಫ್-8ರ ಬೈಟುಗಳನ್ನು ಎಣಿಸಿ, 15 ಎಂದೇ ಹೇಳುತ್ತದೆ. ಈ ಲೆಕ್ಕವನ್ನು ನಂಬಿ ಶೀರ್ಷಿಕೆಯನ್ನು ಕತ್ತರಿಸಿದರೆ ಅಕ್ಷರವು ನಡುವೆ ಮುರಿದು, ಅದರ ಎಡೆಯಲ್ಲಿ ಪ್ರಶ್ನಚಿಹ್ನೆಯ ಕಪ್ಪು ವಜ್ರಾಕೃತಿ ಮೂಡುವುದುಂಟು. ಬೇರೆಯಾಗಿ ಜೋಡಿಸಿಕೊಳ್ಳಬೇಕಾದ ‘ಎಂಬಿಸ್ಟ್ರಿಂಗ್’ ಇದಕ್ಕಿಂತ ಮೇಲು. ಅದು ‘ನ್ನ’ದೊಳಗಿನ ವಿರಾಮವನ್ನೂ (್) ಒಂದು ಅಕ್ಷರವಾಗಿ ಹಿಡಿದು 5 ಎನ್ನುತ್ತದೆ, ಮತ್ತು ಮೊದಲ ಮೂರನ್ನು ಕೊಡೆಂದರೆ ‘ಕನ್’ ಎಂದು ನಿಲ್ಲಿಸುತ್ತದೆ.