ಡೀಮನ್, ಜೊಂಬಿ, ಸ್ಲೇವ್: ಗಣಕ ಪರಿಭಾಷೆಯ ಜಾನಪದ ನೆಲೆ

ಪಾರಿಭಾಷಿಕ ಪದಗಳನ್ನು ಕನ್ನಡಕ್ಕೆ ತರುವಾಗ ನಿಘಂಟಿನ ಅರ್ಥವನ್ನೇ ಆಧರಿಸುವುದು ರೂಢಿ. ಆದರೆ ಆಪರೇಟಿಂಗ್ ಸಿಸ್ಟಂ ಹಾಗೂ ಸಾಧನಗಳನ್ನು ನಡೆಸುವ ಡ್ರೈವರ್ ತಂತ್ರಾಂಶಗಳನ್ನು ಬರೆಯುವವರ ಅನೇಕ ಪದಗಳು ವೃತ್ತಿ ಜಾನಪದದ ಸೃಷ್ಟಿಗಳು. 1975ರಲ್ಲಿ ರಫಾಯೆಲ್ ಫಿಂಕೆಲ್ ಸ್ಟ್ಯಾನ್‌ಫರ್ಡಿನಲ್ಲಿ ಆರಂಭಿಸಿದ ‘ಜಾರ್ಗನ್ ಫೈಲ್’ ಇಂತಹ ನುಡಿಗಳ ಸಂಗ್ರಹವೇ ಆಗಿದೆ. ಪದದ ಹಿಂದಿನ ಕಥನವನ್ನು ಅರಿಯದ ಅನುವಾದವು ಅರ್ಥವನ್ನು ಕೆಡಿಸುತ್ತದೆ ಎಂಬುದನ್ನು ಇಲ್ಲಿ ಮೂರು ಪದಗಳ ಮೂಲಕ ಪರಿಶೀಲಿಸಲಾಗಿದೆ.

ಬಳಕೆದಾರನ ನೇರ ಆದೇಶಕ್ಕೆ ಕಾಯದೆ ಹಿನ್ನೆಲೆಯಲ್ಲಿ ದುಡಿಯುವ ಪ್ರಕ್ರಿಯೆಯೇ ಡೀಮನ್. 1963ರಲ್ಲಿ ಎಂ.ಐ.ಟಿ.ಯ ಪ್ರಾಜೆಕ್ಟ್ ಮ್ಯಾಕ್ ತಂಡವು ಈ ಹೆಸರನ್ನು, ಅಣುಗಳನ್ನು ಬಿಡುವಿಲ್ಲದೆ ವಿಂಗಡಿಸುವ ಮ್ಯಾಕ್ಸ್‌ವೆಲ್ಲನ ಕಾಲ್ಪನಿಕ ಡೀಮನ್‌ನಿಂದ ಪಡೆಯಿತೆಂದು ಫರ್ನಾಂಡೋ ಕೊರ್ಬಾಟೊ ತಿಳಿಸಿದ್ದಾರೆ. ಇದನ್ನು ‘ಪಿಶಾಚಿ’ ಎಂದರೆ ಇಲ್ಲದ ಕೇಡು ಬಂದು ಸೇರುತ್ತದೆ. 1894ರಿಂದ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಪ್ರಕಟವಾದ ಎ.ಸಿ. ಬರ್ನೆಲ್ಲರ ಬರಹಗಳು ತುಳುನಾಡಿನ ಭೂತಾರಾಧನೆಯನ್ನು ‘ಡೆವಿಲ್ ವರ್ಷಿಪ್’ ಎಂದು ಕರೆದವು. ಊರು ಕಾಯುವ ದೈವವನ್ನು ಸೈತಾನನಾಗಿಸಿದ ಆ ತಪ್ಪನ್ನೇ ನಾವು ಎದುರು ದಿಕ್ಕಿನಿಂದ ಮಾಡಿದಂತಾದೀತು. ಹಾಗೆಂದು ‘ದೈವ’ ಎನ್ನುವುದೂ ಸಲ್ಲದು. ದೈವಕ್ಕೆ ಕೋಲವಿದೆ, ನುಡಿಯಿದೆ, ಭಕ್ತರಿದ್ದಾರೆ. ಇಲ್ಲಿ ಮೂಲಪದವನ್ನು ಉಳಿಸುವುದೇ ಲೇಸು.

ಜೊಂಬಿಯ ಸಂಗತಿ ಬೇರೆ. ಹೈತಿಯ ನಂಬಿಕೆಯ ಜೊಂಬಿ ಸತ್ತ ಮೇಲೂ ಒಡೆಯನಿಗಾಗಿ ದುಡಿಯುವ ದೇಹ. ಯುನಿಕ್ಸಿನ ಜೊಂಬಿ ದುಡಿಯುವುದೇ ಇಲ್ಲ. ಮುಗಿದುಹೋದ ‘ಮಗು’ ಪ್ರಕ್ರಿಯೆಯ ನಮೂದು, ‘ಪೋಷಕ’ ಪ್ರಕ್ರಿಯೆಯು ವೇಟ್ ಕರೆಯ ಮೂಲಕ ವಿಚಾರಿಸುವವರೆಗೆ ಪಟ್ಟಿಯಲ್ಲಿ ಉಳಿದಿರುತ್ತದೆ. ಪೋಷಕ ಮೊದಲೇ ಮುಗಿದುಹೋದರೆ, ಸಾಮಾನ್ಯವಾಗಿ 1ನೆಯ ಸಂಖ್ಯೆಯ ಇನಿಟ್ ಪ್ರಕ್ರಿಯೆಯು ಮಗುವನ್ನು ದತ್ತು ಪಡೆದು ಆ ಕಾರ್ಯವನ್ನು ನೆರವೇರಿಸುತ್ತದೆ. ಉತ್ತರಕ್ರಿಯೆಯಾಗದೆ ಉಳಿದ ಪ್ರೇತವೆಂಬ ನಮ್ಮ ನಂಬಿಕೆಯೇ ಇದಕ್ಕೆ ಹೆಚ್ಚು ಹೊಂದುತ್ತದೆ; ಕ್ರಿಯೆಯನ್ನು ಮಕ್ಕಳ ಬದಲು ಹೆತ್ತವರು ಮಾಡಬೇಕೆಂಬುದಷ್ಟೇ ಭೇದ. ಆದ್ದರಿಂದ ‘ಪ್ರೇತಪ್ರಕ್ರಿಯೆ’ ಎಂಬ ರೂಪ ಮೂಲಕ್ಕಿಂತಲೂ ಅರ್ಥವತ್ತಾದುದು.

ಫಿಲಿಪ್ಸ್ ಸಂಸ್ಥೆಯು 1982ರಲ್ಲಿ ರೂಪಿಸಿದ ಐ2ಸಿ ಸಂಪರ್ಕದಲ್ಲಿ ವ್ಯವಹಾರವನ್ನು ಆರಂಭಿಸುವ ಸಾಧನ ಮಾಸ್ಟರ್, ಉತ್ತರಿಸುವುದು ಸ್ಲೇವ್ ಎನಿಸಿದ್ದವು. ‘ಒಡೆಯ, ಜೀತಗಾರ’ ಎಂದು ಕನ್ನಡಿಸಿದೊಡನೆ ಇಂಗ್ಲಿಷಿನಲ್ಲಿ ರೂಢಿಯಿಂದ ಮಸುಕಾಗಿದ್ದ ಹಿಂಸೆ ಎದ್ದು ಕಾಣುತ್ತದೆ. ಜೀತವನ್ನು 1976ರ ಕಾಯಿದೆ ರದ್ದುಪಡಿಸಿದರೂ ಅದರ ನೋವು ನಮ್ಮ ಮೌಖಿಕ ಪರಂಪರೆಯಲ್ಲಿ ಇನ್ನೂ ಹಸಿಯಾಗಿದೆ. ಲಿನಕ್ಸ್ ಕರ್ನೆಲ್ ಬಳಗವು 2020ರಲ್ಲಿ ಹೊಸ ಬರವಣಿಗೆಯಲ್ಲಿ ಈ ಜೋಡಿಯನ್ನು ಕೈಬಿಡುವಂತೆ ಸೂಚಿಸಿತು. ಐ2ಸಿಯ 2021ರ ಆವೃತ್ತಿ ಕಂಟ್ರೋಲರ್, ಟಾರ್ಗೆಟ್ ಪದಗಳನ್ನು ಸ್ವೀಕರಿಸಿತು.

ಒಂದನ್ನು ಉಳಿಸಬೇಕು, ಒಂದಕ್ಕೆ ನಮ್ಮದೇ ರೂಪ ಕೊಡಬೇಕು, ಒಂದನ್ನು ಬಿಡಬೇಕು. ಈ ವಿವೇಚನೆಗೆ ತಂತ್ರಜ್ಞರೊಡನೆ ಜಾನಪದ ವಿದ್ವಾಂಸರೂ ಪದಕೋಶ ರಚನೆಯಲ್ಲಿ ಪಾಲ್ಗೊಳ್ಳುವುದು ಅಗತ್ಯ.