ಇಸವಿಯಿಲ್ಲದ ಗಡಿಗೆರೆ

ನಕ್ಷೆ ಇಟ್ಟುಕೊಂಡು ಸಂಶೋಧನೆ ಮಾಡುವವರಿಗೆ ಈಗ ಸಾಧನಗಳ ಬರವಿಲ್ಲ. ಕ್ಯೂಜಿಐಎಸ್ ತಂತ್ರಾಂಶ ಉಚಿತ, ಲ್ಯಾಂಡ್‌ಸ್ಯಾಟ್ ಉಪಗ್ರಹ ಚಿತ್ರಗಳು 2008ರಿಂದ ಪುಕ್ಕಟೆ ಸಿಗುತ್ತಿವೆ, ಇಸ್ರೋದ ನಕ್ಷೆ ತಾಣ ‘ಭುವನ್’ 2009ರಿಂದ ಇದೆ, ಕರ್ನಾಟಕದ್ದೇ ಆದ ಕೆ-ಜಿಐಎಸ್ ಕೂಡ ಇದೆ. ಆದರೂ ಪಿಎಚ್‌ಡಿ ಪ್ರಬಂಧಗಳಲ್ಲಿ, ವರದಿಗಳಲ್ಲಿ ಬರುವ ಬಣ್ಣಬಣ್ಣದ ಜಿಲ್ಲಾ ನಕ್ಷೆಗಳನ್ನು ಪೂರ್ತಿ ನಂಬುವುದು ಕಷ್ಟ. ದತ್ತಾಂಶ ಎಲ್ಲಿ ಸಿಗುತ್ತದೆ ಎಂದು ಎಲ್ಲರೂ ಹುಡುಕುತ್ತಾರೆ. ಅದರಲ್ಲಿರುವ ಗಡಿ ಯಾವ ಇಸವಿಯದು ಎಂದು ಕೇಳುವವರು ವಿರಳ.

ಹರಪನಹಳ್ಳಿಯನ್ನೇ ನೋಡಿ. ಬಳ್ಳಾರಿ ಜಿಲ್ಲೆಯಲ್ಲಿದ್ದ ಈ ತಾಲ್ಲೂಕು 1997ರಲ್ಲಿ ಹೊಸ ದಾವಣಗೆರೆ ಜಿಲ್ಲೆಗೆ ಸೇರಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಯ ಪಾಲಾಯಿತು. 1991ರ ಜನಗಣತಿಯಲ್ಲಿ ಅಲ್ಲಿನ ಜನ ಬಳ್ಳಾರಿಯ ಲೆಕ್ಕದಲ್ಲಿದ್ದರು. 2001, 2011ರಲ್ಲಿ ದಾವಣಗೆರೆಯ ಲೆಕ್ಕದಲ್ಲಿ. ಆಯಾ ಗಣತಿಯ ಅಂಕಿಗಳನ್ನು ಹಾಗೆಯೇ ಹೋಲಿಸಿದರೆ, ಯಾರೂ ಊರು ಬಿಡದಿದ್ದರೂ ಬಳ್ಳಾರಿಯ ಬೆಳವಣಿಗೆ ಕುಗ್ಗಿದಂತೆ ಕಾಣುತ್ತದೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ (2019–21) ಲೆಕ್ಕಕ್ಕೆ ಹಿಡಿದದ್ದು 2017ರ ಮಾರ್ಚ್ ಕೊನೆಯಲ್ಲಿದ್ದ ಜಿಲ್ಲೆಗಳನ್ನು. ಆಗ ರಾಜ್ಯದಲ್ಲಿದ್ದದ್ದು 30 ಜಿಲ್ಲೆ. ಆ ಅಂಕಿಗಳನ್ನು ಇಂದಿನ 31 ಜಿಲ್ಲೆಗಳ ನಕ್ಷೆಗೆ ಜೋಡಿಸಿದರೆ ವಿಜಯನಗರ ಖಾಲಿ ಉಳಿಯುತ್ತದೆ. ಖಾಲಿ ಜಾಗವಾದರೂ ಕಣ್ಣಿಗೆ ಬೀಳುತ್ತದೆ. ಹೊಸಪೇಟೆ, ಹೂವಿನಹಡಗಲಿಯ ಮನೆಗಳೂ ಸೇರಿದ್ದ ಸರಾಸರಿ ಇಂದಿನ ಕಿರಿದಾದ ಬಳ್ಳಾರಿಯ ಮೇಲೆ ಬಂದು ಕೂತದ್ದು ಮಾತ್ರ ಯಾರಿಗೂ ಗೊತ್ತಾಗುವುದಿಲ್ಲ. ನನ್ನ ಮಟ್ಟಿಗೆ ಇದೇ ಹೆಚ್ಚು ಅಪಾಯಕಾರಿ, ಏಕೆಂದರೆ ಅನುದಾನ ಎಲ್ಲಿಗೆ ಹೋಗಬೇಕು ಎಂಬ ವಾದಗಳು ಇಂಥ ನಕ್ಷೆಗಳನ್ನೇ ನೆಚ್ಚಿಕೊಳ್ಳುತ್ತವೆ.

ಇದನ್ನೆಲ್ಲ ಪರಿಶೀಲಿಸುವುದು ಸಂಶೋಧಕರ ಹೊಣೆ ಎನ್ನಬಹುದು. ನಿಜ, ಆದರೆ ಗಡಿಯ ಫೈಲಿನಲ್ಲಿ ದಿನಾಂಕವೇ ಇಲ್ಲದಿದ್ದರೆ ಪರಿಶೀಲಿಸುವುದು ಏನನ್ನು? ಹಳ್ಳಿ ಮಟ್ಟದ ಅಂಕಿ ಬಳಸಿದರೆ ತೊಡಕೇ ಇರದು ಎಂಬ ವಾದಕ್ಕೆ ಹೆಚ್ಚು ತೂಕವಿದೆ: 2011ರ ಗಣತಿ ಪ್ರತಿ ಹಳ್ಳಿಗೂ ಒಂದು ಕೋಡ್ ಕೊಟ್ಟಿದೆ, ಹಳ್ಳಿಗಳನ್ನು ಕೂಡಿಸಿ ಯಾವ ಕಾಲದ ಜಿಲ್ಲೆಯನ್ನಾದರೂ ಹೆಚ್ಚುಕಡಿಮೆ ಕಟ್ಟಿಕೊಳ್ಳಬಹುದು. ಜನಗಣತಿಗೆ ಈ ದಾರಿ ಸರಿ. ಆರೋಗ್ಯ ಸಮೀಕ್ಷೆ ಪ್ರಕಟಿಸುವ ಅಂಕಿಗಳಾದರೋ ಜಿಲ್ಲೆಗಿಂತ ಕೆಳಕ್ಕೆ ಇಳಿಯುವುದಿಲ್ಲ. ಹಳೆಯ ಗಡಿಗಳನ್ನೆಲ್ಲ ಕಾಪಿಡುವುದು ಆಗಹೋಗದ ಕೆಲಸ ಎನ್ನುವವರು ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಎನ್‌ಎಚ್‌ಜಿಐಎಸ್ ನೋಡಬೇಕು. 1790ರಿಂದೀಚೆಗಿನ ಗಣತಿಗಳ ಅಂಕಿಗಳ ಜೊತೆಗೆ ಆಯಾ ಕಾಲದ ಕೌಂಟಿ ಗಡಿಗಳನ್ನೂ ಅದು ಉಚಿತವಾಗಿ ಕೊಡುತ್ತಿದೆ. ನಮ್ಮಲ್ಲೂ ಮೂಲ ಸಾಮಗ್ರಿಗೆ ಕೊರತೆಯಿಲ್ಲ. ಜಿಲ್ಲೆ, ತಾಲ್ಲೂಕುಗಳ ಮರುವಿಂಗಡಣೆ ದಿನಾಂಕದ ಸಮೇತ ಗೆಜೆಟ್‌ನಲ್ಲಿ ಅಚ್ಚಾಗುತ್ತದೆ. ಆ ಬದಲಾವಣೆಗಳನ್ನು ನಕ್ಷೆಯ ಪದರಗಳಿಗೆ ಜೋಡಿಸುವ ಕೆಲಸಕ್ಕೆ ಸಮಯ ಹಿಡಿಯಬಹುದು. ಆದರೆ ಪ್ರತಿ ನಕ್ಷೆಯ ಅಡಿಯಲ್ಲಿ ಗಡಿಯ ಇಸವಿ, ಅದು ಸಿಕ್ಕ ಮೂಲ ಎರಡನ್ನೂ ಬರೆಯದ ಪ್ರಬಂಧವನ್ನು ತಿದ್ದಲು ವಾಪಸ್ ಕಳಿಸುವ ನಿಯಮವನ್ನು ವಿಶ್ವವಿದ್ಯಾಲಯಗಳು ಈ ವರ್ಷವೇ ತರಬಹುದು.